ಎಂಟು ಎಸಳಿನ ಪ್ರಸಾದ

ನನ್ನ ಗಂಡನಿಗೆ ತಲೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಬಿಡುವವಳಲ್ಲ. ಹಾಗೆ ಹೇಳುವ ಹಕ್ಕು ನನ್ನೊಬ್ಬಳದು. ಇಷ್ಟು ವರ್ಷ ಸಂಸಾರ ಮಾಡಿ ಸಂಪಾದಿಸಿದ್ದು, ಊರಿಗೆಲ್ಲ ಹಂಚಲು ನಾನು ತಯಾರಿಲ್ಲ. ನಮ್ಮವರಿಗೆ ತಲೆ ಇದೆ. ಆದರೆ ಅದು ಕೆಲಸ ಮಾಡುವುದು ಹೊನ್ನಾವರದ ಹತ್ತಿರದ ಕಾಸರಕೋಡಿನ ಹೆದ್ದಾರಿ ಪಕ್ಕದ ಅವರ ಮೊಬೈಲ್ ರಿಪೇರಿ ಅಂಗಡಿಯ ಒಳಗಲ್ಲ, ಅಂಗಡಿಯ ಮುಂದಿನ ಬೆಂಚಿನ ಮೇಲೆ. ಅಲ್ಲಿ ನಾಲ್ಕು ಜನ ಬಂದು ಕೂತರೆಂದರೆ ಮುಗಿಯಿತು, ದಿನಕರ ಎಂಬ ಈ ಮನುಷ್ಯನಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಒಂದೂ ಉಳಿಯುವುದಿಲ್ಲ.

ಅಂಗಡಿಗೆ ತಾಗಿ ನನ್ನ ಚಪ್ಪರ. ಮಂಗಲಕ್ಕನ ಮೀನೂಟ ಎಂದರೆ ಭಟ್ಕಳದಿಂದ ಕುಮಟಾದವರೆಗಿನ ಲಾರಿಯವರಿಗೆಲ್ಲ ಗೊತ್ತು. ಬೋರ್ಡು ಇಲ್ಲ, ಬೇಕಾಗಿಲ್ಲ. ಬಂಗುಡೆ ಹುರಿಯುವ ವಾಸನೆ ಶರಾವತಿ ಸೇತುವೆಯ ಹತ್ತಿರವೇ ಬ್ರೇಕ್ ಹಾಕಿಸುತ್ತದೆ. ನಮ್ಮ ಮನೆ ನಡೆಯುವುದು ಆ ಒಲೆಯಿಂದ. ಅಂಗಡಿಯಿಂದ ಬರುವುದು ಬರೀ ಮಾತು.

ಆದರೆ ಚಪ್ಪರದ ಕೆಳಗಿನ ಜಾಗ ಮಾವನವರದು. ಅವರು ಹೋದ ಮೇಲೆ ಅಣ್ಣತಮ್ಮ ಇಬ್ಬರ ಹೆಸರಿಗೆ ಬಂತು. ಅಣ್ಣ ಎಂದರೆ ನನ್ನ ಭಾವ ವಿನೋದ, ಕುಮಟಾದಲ್ಲಿ ಸಿಮೆಂಟ್ ಅಂಗಡಿ. ಹುಬ್ಬಳ್ಳಿಯ ಯಾವುದೋ ಪಾರ್ಟಿ ಇಲ್ಲಿ ಲಾಡ್ಜ್ ಕಟ್ಟುತ್ತದಂತೆ, ಜಾಗ ಕೊಟ್ಟುಬಿಡುವ ಎಂದು ಭಾವನ ರಾಗ. ಕೊಡಬೇಕಾದರೆ ಇಬ್ಬರೂ ಸಹಿ ಹಾಕಬೇಕು. ನಮ್ಮವರೋ, ಹುಟ್ಟಿದಾಗಿನಿಂದ ಅಣ್ಣನಿಗೆ ಇಲ್ಲ ಎಂದವರಲ್ಲ. ಅಣ್ಣ ಕೂರು ಎಂದರೆ ಕೂರುತ್ತಾರೆ, ಏಳು ಎಂದರೆ ಇಷ್ಟು ಹೊತ್ತು ಕೂತದ್ದು ತಪ್ಪಾಯಿತು ಎನ್ನುತ್ತಾರೆ. ಆ ಸಹಿಯನ್ನು ಅಷ್ಟು ದಿನ ತಡೆದಿಟ್ಟದ್ದು ನನ್ನ ಬಾಯಿ. ಅದಕ್ಕೇ ಭಾವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಹಾಗೆಯೇ, ಅದರಲ್ಲಿ ಮುಚ್ಚುಮರೆ ಇಲ್ಲ.

ಹೀಗಿರುವಾಗ ಭಟ್ಕಳಕ್ಕೆ ಬಿಡಿಭಾಗ ತರಲು ಹೋದ ನಮ್ಮವರು ಜಾಲಿಯ ಅಬೂಬಕರ್ ಭಾಯಿಯ ಮನೆಯಿಂದ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಬಂದರು. ಭಾಯಿ ದುಬೈಯಿಂದ ಆಗಾಗ ತಂದು ಅಟ್ಟಕ್ಕೆ ಎಸೆದಿದ್ದ ಹಳೆ ಸಾಮಾನು. ಅದರಲ್ಲಿ ಒಂದು, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್. ಬೂದು ಬಣ್ಣ, ಸಾಬೂನಿನ ಡಬ್ಬಿಯಷ್ಟು ದಪ್ಪ, ಪಾಚಿ ಬಣ್ಣದ ಸಣ್ಣ ಪರದೆ, ಎಡಗಡೆ ಕೂಡಿಸುವ ಗುರುತಿನ ಹಾಗಿರುವ ಗುಂಡಿ, ಹಿಂದೆ ನಾಲ್ಕು ಪೆನ್ಸಿಲ್ ಸೆಲ್. ಮೇಲಿನಿಂದ ಒಂದೊಂದೇ ಇಟ್ಟಿಗೆ ಇಳಿದು ಬರುತ್ತದೆ. ಗುಂಡಿ ಒತ್ತಿ ಎಡಕ್ಕೋ ಬಲಕ್ಕೋ ಸರಿಸಿ ಕೆಳಗೆ ಸಾಲಾಗಿ ಜೋಡಿಸಬೇಕು. ಸಾಲು ತುಂಬಿದರೆ ಮಾಯ. ಇಷ್ಟೇ ಆಟ.

ನಾನು ಬೈದೆ. ಆಮೇಲೆ ಮಧ್ಯಾಹ್ನ ಗಿರಾಕಿ ಖಾಲಿಯಾಗಿ ನಮ್ಮವರು ಗೊರಕೆ ಹೊಡೆಯುವಾಗ ಒಂದು ಕೈ ನೋಡಿದೆ. ಮರುದಿನವೂ ನೋಡಿದೆ. ಸುಳ್ಳು ಏಕೆ ಹೇಳಲಿ, ವಾರ ಕಳೆಯುವುದರೊಳಗೆ ನಾನು ನಮ್ಮವರಿಗಿಂತ ಚೆನ್ನಾಗಿ ಆಡುತ್ತಿದ್ದೆ.

ರಗಳೆ ಶುರುವಾದದ್ದು ದೋಣಿಯ ಪಾಂಡು ಹೊಸ ಫೋನು ತಂದ ದಿನ. ಬೆಂಚಿನ ಮೇಲೆ ಕೂತು ಎಲ್ಲರ ಮೂಗಿನ ಕೆಳಗೂ ಅದನ್ನು ಹಿಡಿದ.

"ದಿನಕರಣ್ಣ, ಇದ್ರಲ್ಲಿ ಎಂಟು ಕೋರಿನ ಪ್ರೊಸೆಸರ್ ಅದೆ. ನಿನ್ನ ಆ ಡಬ್ಬಿಯಲ್ಲಿ ಎಂತ ಅದೆ ಮಾರಾಯ? ಜಿರಳೆಯಾ?"

ನಮ್ಮವರ ಮುಖ ಕೆಂಪಾಯಿತು. ಸ್ಕ್ರೂಡ್ರೈವರ್ ತಂದವರೇ ಡಬ್ಬಿಯ ಬೆನ್ನು ಬಿಚ್ಚಿ ಎಲ್ಲರೆದುರು ತೆರೆದಿಟ್ಟರು. ಒಳಗೆ ಒಂದು ಹಸಿರು ಹಲಗೆ, ಅದರ ಮೇಲೆ ನಾಲ್ಕೂ ಬದಿಗೆ ಕಾಲು ಚಾಚಿದ ಕರೀ ಏಡಿಯ ಹಾಗೆ ಒಂದು ಚೌಕದ ಚಿಪ್ಪು.

"ನೋಡು, ಇದೇ ಪ್ರೊಸೆಸರ್. ಎಂಟು ಬಿಟ್. ಮೂವತ್ತು ವರ್ಷ ಆತು, ಒಂದು ದಿನ ಹ್ಯಾಂಗ್ ಆಗ್ಲಿಲ್ಲ. ಅಪ್ಡೇಟ್ ಕೊಡು ಅಂತ ಕಾಡ್ಲಿಲ್ಲ. ನಿನ್ನ ಫೋನು ಮುಂದಿನ ಮಳೆಗಾಲ ನೋಡ್ತದಾ?"

"ಬಿಟ್ ಅಂದ್ರೆ ಎಂತದು?"

ಗೊತ್ತಿಲ್ಲ ಎಂಬ ಮಾತು ಆ ಬೆಂಚಿನ ಮೇಲೆ ನಮ್ಮವರ ಬಾಯಿಂದ ಬರುವುದಿಲ್ಲ. ಅವರು ಆಚೀಚೆ ನೋಡಿದರು. ರಸ್ತೆಯಾಚೆ ಗ್ರಾಮದೇವರ ಗುಡಿಯಲ್ಲಿ ಪೂಜಾರಿ ಹಮ್ಮ ಗುನಗ ಯಾರಿಗೋ ಪ್ರಸಾದ ಕೇಳಿಸುತ್ತಿದ್ದ. ನಮ್ಮ ಕಡೆ ಮುಖ್ಯ ಕೆಲಸಕ್ಕೆ ದೇವರ ಪ್ರಸಾದ ಕೇಳದೆ ಹೆಜ್ಜೆ ಇಡುವುದಿಲ್ಲ. ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವರ ಮೈಗೆ ಅಂಟಿಸಿ, ಪ್ರಶ್ನೆ ಹೇಳಿ ಕೈಮುಗಿದು ನಿಲ್ಲುವುದು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ.

"ಅಗೋ, ಅದೇ," ಎಂದರು ನಮ್ಮವರು. "ಪ್ರೊಸೆಸರ್ ಅಂದ್ರೆ ಪ್ರಸಾದ ಕೇಳುದು. ಒಳಗೆ ಹೌದು, ಇಲ್ಲ, ಎರಡೇ ಇಪ್ಪುದು. ಬಲ ಎಡ. ಎಂಟು ಬಿಟ್ ಅಂದ್ರೆ ಎಂಟು ಎಸಳು ಒಂದೇ ಸಲಕ್ಕೆ. ಹಮ್ಮ ದಿನಕ್ಕೆ ಹತ್ತು ಪ್ರಸಾದ ಕೇಳಿದ್ರೆ ಹೆಚ್ಚು. ಇದು ಕಣ್ಣು ಮಿಟುಕಿಸುದ್ರೊಳಗೆ ಲಕ್ಷಗಟ್ಟಲೆ ಕೇಳ್ತದೆ!"

ನನಗೆ ಕೇಳಿದರೆ ಇದು ಕೆಟ್ಟ ವಿವರಣೆಯಲ್ಲ. ಶಾಲೆಯಲ್ಲಿ ಹೀಗೆ ಹೇಳಿಕೊಟ್ಟಿದ್ದರೆ ನಾನೂ ಹತ್ತನೇ ಇಯತ್ತೆ ಪಾಸಾಗುತ್ತಿದ್ದೆನೋ ಏನೋ. ಆದರೆ ಅಲ್ಲಿ ಮೀನು ಮಾರುವ ನಾಗಿ ಬುಟ್ಟಿ ಇಳಿಸಿ ನಿಂತಿದ್ದಳು. ನಾಗಿಗೆ ಒಂದು ಹೇಳಿದರೆ ಹೊನ್ನಾವರದ ಬಂದರಿಗೆ ಮುಟ್ಟುವಾಗ ಅದು ಹತ್ತಾಗಿರುತ್ತದೆ.

"ಹೌದನಾ ತಮಾ? ಹಂಗಾದ್ರೆ ಕೇಳು. ನನ್ನ ಮೂಗುತಿ ಕಳದು ಹೋಗದೆ. ಮನೆಯೊಳಗೇ ಅದೆಯಾ?"

ನಮ್ಮವರು ಅದು ಬರೀ ಆಟ, ಹಾಗೆಲ್ಲ ಕೇಳುವ ಯಂತ್ರವಲ್ಲ ಎಂದು ಹೇಳಬೇಕಿತ್ತು. ಬಾಯಿ ಕೂಡ ತೆರೆದರು. ಅಷ್ಟರಲ್ಲಿ ನಾಗಿ ಡಬ್ಬಿಯ ಮುಂದೆ ನಿಂತು ಭಕ್ತಿಯಿಂದ ಕೈಮುಗಿದುಬಿಟ್ಟಳು. ಜನ್ಮದಲ್ಲಿ ಮೊದಲ ಬಾರಿ ಒಬ್ಬರು ನಮ್ಮವರ ಮುಂದೆ ಕೈಮುಗಿದದ್ದು. ಅವರು ಬೆನ್ನು ಮುಚ್ಚಿ, ಸ್ಕ್ರೂ ಬಿಗಿದು, ಸ್ವಿಚ್ ಹಾಕಿದರು. ಇಟ್ಟಿಗೆ ಇಳಿದು ಬಲಕ್ಕೆ ಬಿತ್ತು.

ಮೂಗುತಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಹಾಳಾದ ಮೂಗುತಿ, ಸಮುದ್ರಕ್ಕೆ ಬಿದ್ದಿದ್ದರೆ ಎಷ್ಟು ಜನಕ್ಕೆ ಉಪಕಾರವಾಗುತ್ತಿತ್ತು!

ಮಾರನೆಯ ದಿನ ಪಾಂಡುವೇ ಬಂದ. ದೋಣಿ ಬಿಡಲೋ ಬೇಡವೋ? ಬಲಕ್ಕೆ. ಬಿಟ್ಟ, ಬಲೆ ತುಂಬ ಬಂಗುಡೆ. ಆ ವಾರ ಕಣ್ಣು ಮುಚ್ಚಿ ಬಲೆ ಎಸೆದವನಿಗೂ ಬಂಗುಡೆ ಸಿಕ್ಕಿತ್ತು, ಅದನ್ನು ಯಾರು ಕೇಳಬೇಕು? ಕಾಯ್ಕಿಣಿಯಿಂದ ಎಮ್ಮೆ ಮಾರುವವನು ಬಂದ, ಮುರ್ಡೇಶ್ವರದಿಂದ ವರಾನ್ವೇಷಣೆಯವರು ಬಂದರು. ಕುಮಟಾದ ಒಬ್ಬಾಕೆ ಸೊಸೆಯೊಟ್ಟಿಗೆ ಮಾತು ಬಿಡಲೋ ಎಂದು ಕೇಳಲು ಬಂದಳು. ಎಡಕ್ಕೆ ಬಿತ್ತು, ಬಿಡಬೇಡ ಎಂದರ್ಥ. ಆಕೆ ಸಿಟ್ಟಿನಿಂದ, ಇನ್ನೊಮ್ಮೆ ಕೇಳು, ಯಂತ್ರಕ್ಕೆ ನನ್ನ ಸೊಸೆ ಗೊತ್ತಿಲ್ಲ ಎಂದಳು.

"ಗುಂಡಿ ಒತ್ತಿದ್ದು ಯಾರು?" ಎಂದು ನಾನು ಮನೆಯಲ್ಲಿ ಕೇಳಿದೆ.

"ನಾನೇ."

"ಹಂಗಾದ್ರೆ ಹೇಳಿದ್ದು ಯಾರು?"

"ಒತ್ತುದು ನಾನೇ, ಮಂಗಲಾ. ಆದ್ರೆ ಒತ್ತು ಅಂತ ಪ್ರೊಸೆಸರೇ ಒಳಗಿಂದ ಹೇಳ್ತದೇನ ಅಂತ ನಂಗೆ ಅನುಮಾನ."

ತಾನು ಹೇಳಿದ ಸುಳ್ಳಿಗೆ ತಾನೇ ಮೊದಲ ಗಿರಾಕಿಯಾಗುವುದು ಎಂದರೆ ಇದು. ನಾನು ಹಣೆ ಚಚ್ಚಿಕೊಂಡೆ.

ಒಂದು ದಿನ ಜೀಪು ಬಂದು ನಿಂತಿತು. ಯಾವ ಠಾಣೆಯದು ಎಂದು ಹೇಳುವುದಿಲ್ಲ, ನಾನು ಇಲ್ಲೇ ಬಾಳಬೇಕಾದವಳು. ಹೆಡ್ ಕಾನ್‌ಸ್ಟೇಬಲ್ ಇಳಿದರು.

"ಇಲ್ಲಿ ಯಂತ್ರ ಇಟ್ಕೊಂಡು ಜೂಜು ಆಡಿಸ್ತಾರೆ ಅಂತ ದೂರು ಬಂದದೆ. ಯಾರ್ರೀ ದಿನಕರ?"

ನಮ್ಮವರು ಎದ್ದು ನಿಂತರು. ಯಂತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮಗುವನ್ನು ಡಾಕ್ಟರರಿಗೆ ತೋರಿಸುವ ಹಾಗೆ ತೋರಿಸಿದರು. ಸಾಹೇಬರು ಹಿಂದೆ ಮುಂದೆ ತಿರುಗಿಸಿ ನೋಡಿದರು. ಜೀಪಿನ ಡ್ರೈವರನ್ನು ಚಾ ತರಲು ಕಳಿಸಿದರು. ಅವನು ಮರೆಯಾದ ಮೇಲೆ ದನಿ ತಗ್ಗಿಸಿದರು.

"ವರ್ಗಾವಣೆ ಆಗ್ತದಂತೆ. ಆಗ್ತದಾ ಇಲ್ವಾ, ಒಮ್ಮೆ ನೋಡಿ. ಕೇಸು ಗೀಸು ಎಂತ ಇಲ್ಲ, ಹೆದರ್ಬೇಡಿ."

ದೂರು ಕೊಟ್ಟದ್ದು ಹಮ್ಮ ಗುನಗ. ಆತ ಅದನ್ನು ಬಚ್ಚಿಡಲೂ ಇಲ್ಲ. ಸಂಜೆ ನನ್ನ ಚಪ್ಪರಕ್ಕೇ ಬಂದು ಕೂತು, ಹೌದು ನಾನೇ ಕೊಟ್ಟದ್ದು ಎಂದ.

"ಮಂಗಲಾ, ನನ್ನ ಅಜ್ಜನ ಕಾಲದಿಂದ ನಾವು ಪ್ರಸಾದ ಕೇಳಿಸಿದವ್ರು. ಎಸಳು ಒದ್ದೆ ಮಾಡಿ ಹಚ್ಚಿ ಕೈ ಬಿಡ್ತೇವೆ. ಆಮೇಲೆ ಮುಟ್ಟುದಿಲ್ಲ. ನಿನ್ನ ಗಂಡ ಕೈ ಬಿಡ್ತಾನಾ ಕೇಳು."

ಆ ಮಾತು ನನಗೆ ತಾಗಿತು. ಎಲ್ಲಿಯವರೆಗೆ ಬೇರೆಯವರ ಎಮ್ಮೆ, ಬೇರೆಯವರ ಸೊಸೆ ಎಂದಿತ್ತೋ ಅಲ್ಲಿಯವರೆಗೆ ನಾನೂ ನಕ್ಕೆ. ಚಪ್ಪರಕ್ಕೆ ಗಿರಾಕಿಯೂ ಹೆಚ್ಚಾಗಿತ್ತು, ಪ್ರಶ್ನೆ ಕೇಳಿದವರು ಊಟ ಮಾಡದೆ ಹೋಗುತ್ತಿರಲಿಲ್ಲ. ಆದರೆ ಆ ವಾರವೇ ಭಾವ ಬಂದರು.

ಭಾವ ಬಂದವರು ಜಗಳ ಮಾಡಲಿಲ್ಲ. ಅದೇ ಹೆದರಿಕೆ. ಬೆಂಚಿನ ಮೇಲೆ ಕೂತು, ಇಷ್ಟಗಲ ನಕ್ಕು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಮ್ಮ ದಿನಕರನ ಯಂತ್ರ ಊರಿಗೆಲ್ಲ ನ್ಯಾಯ ಹೇಳ್ತದೆ. ನಮ್ಮ ಮನೆಗೂ ಹೇಳಲಿ. ಜಾಗ ಕೊಡುದಾ ಬೇಡದಾ, ಆದಿತ್ಯವಾರ ನೆಂಟರನ್ನೆಲ್ಲ ಕರೆದು ಕೇಳುವಾ. ಬಲಕ್ಕೆ ಬಿದ್ರೆ ಸಹಿ. ಎಡಕ್ಕೆ ಬಿದ್ರೆ ನಾ ಇನ್ನು ಆ ಮಾತೇ ಎತ್ತುದಿಲ್ಲ. ಆತಾ ತಮಾ?"

ನಮ್ಮವರು ಏನು ಹೇಳಬೇಕು? ಯಂತ್ರಕ್ಕೆ ಗೊತ್ತಾಗುವುದಿಲ್ಲ ಎಂದರೆ ನಾಗಿ, ಪಾಂಡು, ಸಾಹೇಬರು ಎಲ್ಲರೆದುರು ಮರ್ಯಾದೆ ಹೋಗುತ್ತದೆ. "ಆತು ಅಣ್ಣ," ಎಂದರು. ಅಭ್ಯಾಸ ಬಲವೂ ಇತ್ತು.

ಆಮೇಲೆ ಅವರಿಬ್ಬರೇ ಅಂಗಡಿಯೊಳಗೆ ಹೋದರು. ಹೊರಗೆ ಬಂದ ನಮ್ಮವರ ಮುಖ ನೋಡಿಯೇ ನನಗೆ ತಿಳಿಯಿತು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅನ್ನ ಬಡಿಸುವುದರೊಳಗೆ ಹೊರಗೆ ಬಂತು.

"ಬಲಕ್ಕೆ ಒತ್ತು ಅಂದ, ಮಂಗಲಾ. ಅಣ್ಣನಿಗೆ ಗುಂಡಿಯ ಗುಟ್ಟು ಗೊತ್ತದೆ."

"ನೀವು ಎಂತ ಅಂದ್ರಿ?"

"ಆತು ಅಂದೆ," ಎಂದರು ನಮ್ಮವರು ತಟ್ಟೆ ನೋಡಿಕೊಂಡು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಲೆಯ ಮುಂದೆ ನಿಂತು ಬೆವರು ಒರೆಸಿಕೊಂಡು ಕಟ್ಟಿದ ಜೀವನ ನನ್ನದು. ಮದುವೆಯಲ್ಲಿ ಕೊಟ್ಟದ್ದಲ್ಲ, ಮಾವ ಬರೆದಿಟ್ಟದ್ದಲ್ಲ. ಅದನ್ನು ಈ ಅಣ್ಣತಮ್ಮ ಸೇರಿ ಒಂದು ಹೆಬ್ಬೆರಳಿಗೆ ಒಪ್ಪಿಸಿದ್ದಾರೆ! ಆ ಡಬ್ಬಿಯನ್ನು ಶರಾವತಿಗೆ ಎಸೆಯುವ ಎಂದು ಎತ್ತಿಯೂ ಆಯಿತು. ಆಮೇಲೆ ಕೆಳಗಿಟ್ಟೆ. ಪಾಪ, ಅದು ಏನು ಮಾಡಿದೆ? ಆ ಕರೀ ಏಡಿ ಮೂವತ್ತು ವರ್ಷದಿಂದ ಒತ್ತಿದವರು ಹೇಳಿದ್ದನ್ನು ಮಾಡಿಕೊಂಡು ಬಂದಿದೆ, ಒಂದು ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದ್ದೆಲ್ಲ ಹೊರಗೆ ಕೂತವರು.

ಆದಿತ್ಯವಾರ ಚಪ್ಪರದಲ್ಲಿ ನೆಂಟರು ಸೇರಿದರು. ಮಾವನ ತಂಗಿ ಮಾಲತಿ ಅತ್ತೆ ಖುರ್ಚಿಯಲ್ಲಿ, ಅವರ ಎದುರು ಭಾವ ಹೊಸ ಅಂಗಿ ಹಾಕಿಕೊಂಡು. ನಾಗಿ ಬಂದಳು, ಪಾಂಡು ಬಂದ, ಕರೆಯದ ಹಮ್ಮನೂ ಬಂದು ಕಂಬಕ್ಕೆ ಒರಗಿ ನಿಂತ. ಇಷ್ಟು ಜನಕ್ಕೂ ಬೆಳಗ್ಗೆ ಅವಲಕ್ಕಿ, ಚಾ ಕೊಟ್ಟವಳು ನಾನೇ. ನನ್ನನ್ನು ಎಬ್ಬಿಸಲು ಬಂದವರಿಗೆ ನನ್ನದೇ ಉಪಚಾರ.

ನಮ್ಮವರು ಯಂತ್ರ ಹಿಡಿದು ಮಧ್ಯದಲ್ಲಿ ಕೂತರು. ಹೆಬ್ಬೆರಳು ಆಗಲೇ ಗುಂಡಿಯ ಮೇಲಿತ್ತು.

ನಾನು ಕೈ ಒರೆಸಿಕೊಂಡು ಮುಂದೆ ಬಂದೆ. "ಹಮ್ಮಣ್ಣ, ಒಂದು ಮಾತು. ಗುಡಿಯಲ್ಲಿ ಪ್ರಸಾದ ಕೇಳುವಾಗ ದೇವರೆದುರು ನಿಲ್ಲುದು ಯಾರು?"

"ಯಾರದ್ದು ಪ್ರಶ್ನೆಯೋ ಅವ್ರೇ ನಿಲ್ಬೇಕು. ಬೇರೆಯವ್ರು ನಿಂತ್ರೆ ನಡೀದಿಲ್ಲ."

"ಕೇಳಿದ್ರಲ್ಲ? ಒಲೆ ನಂದು. ಯಂತ್ರ ನಾ ಹಿಡೀತೆ."

ಭಾವ ಛಂಗನೆ ಎದ್ದರು. "ಅದು ಹೆಂಗೆ ಆಗ್ತದೆ? ಹೆಂಗಸ್ರಿಗೆ ಅದೆಲ್ಲ ಎಂತ ಗೊತ್ತು? ದಿನಕರನೇ ಹಿಡೀಬೇಕು!"

"ಯಾಕ ವಿನೋದಾ," ಎಂದರು ಮಾಲತಿ ಅತ್ತೆ. "ಹೇಳುದು ಯಂತ್ರ ಅಲ್ದಾ? ಯಾರು ಹಿಡಿದ್ರೆ ಎಂತ?"

ಭಾವ ಗುಂಡಿಯ ಗುಟ್ಟು ಹೇಳುವ ಹಾಗಿಲ್ಲ, ಹೇಳದಿದ್ದರೆ ಕೆಟ್ಟಿತು. ಮೆಲ್ಲಗೆ ಕೂತರು. ನಮ್ಮವರು ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಅಷ್ಟು ಬೇಗ ಅವರು ನನಗೆ ಏನನ್ನೂ ಕೊಟ್ಟವರಲ್ಲ.

ಎಡಕ್ಕೆ ಒತ್ತುವುದು ನನಗೆ ಸಸಾರ. ಒಂದು ಸಲ ಒತ್ತಿದರೆ ಜಾಗ ಉಳಿಯುತ್ತಿತ್ತು. ಭಾವನೂ ಅದನ್ನೇ ಎಣಿಸಿ ಹಲ್ಲು ಕಚ್ಚಿ ಕೂತಿದ್ದರು. ಆದರೆ ನನಗೆ ಇನ್ನೊಂದು ಹೊಳೆಯಿತು. ಇವತ್ತು ನಾನು ಎಡಕ್ಕೆ ಒತ್ತಿ ಗೆದ್ದರೆ ನಾಳೆ ಇನ್ನೊಬ್ಬರು ಬಲಕ್ಕೆ ಒತ್ತಿ ಗೆಲ್ಲಬಹುದು. ನನ್ನ ಒಲೆ ಇರಬೇಕೋ ಬೇಡವೋ ಎಂದು ನಾನೇಕೆ ಒಂದು ಡಬ್ಬಿಯನ್ನು ಕೇಳಬೇಕು? ಮೀನು ಹುರಿಯಲು ಕಲಿಯುವಾಗ ಯಾರನ್ನು ಕೇಳಿದ್ದೆ?

ಸ್ವಿಚ್ ಹಾಕಿದೆ. ಟಿಣಿಟಿಣಿ ಸಂಗೀತ ಬಂತು. ಆಟ ಶುರು ಮಾಡಿ ಎರಡೂ ಹೆಬ್ಬೆರಳು ಮೇಲೆತ್ತಿ ಯಂತ್ರವನ್ನು ಅಂಗೈಯಲ್ಲಿಟ್ಟು ಎಲ್ಲರೆದುರು ಚಾಚಿದೆ.

ಪರದೆ ಸಣ್ಣದು, ಹಿಂದಿನವರಿಗೆ ಕಾಣುವುದಿಲ್ಲ. ನಾಗಿ ನನ್ನ ಹೆಗಲ ಮೇಲಿಂದ ಬಗ್ಗಿ ಮೀನು ಕೂಗುವ ಗಂಟಲಲ್ಲಿ ಕೂಗಿ ಹೇಳತೊಡಗಿದಳು.

"ಬಂತು ಬಂತು, ಇಟ್ಟಿಗೆ ಬಂತು! ಇಳೀತಾ ಅದೆ... ಇಳೀತಾ ಅದೆ... ಬಿತ್ತು!"

"ಎಲ್ಲಿ? ಎಲ್ಲಿ?"

"ನಡುವಿಗೆ!"

ಚಪ್ಪರದಲ್ಲಿ ಗುಜುಗುಜು ಎದ್ದಿತು. ಎರಡನೆಯದು ಇಳಿಯಿತು. ಅದೂ ನಡುವಿಗೆ, ಮೊದಲಿನದರ ತಲೆ ಮೇಲೆ. ಮೂರನೆಯದೂ ಅಲ್ಲೇ. ಯಾರೂ ಮುಟ್ಟದಿದ್ದರೆ ಇಟ್ಟಿಗೆ ಬೇರೆಲ್ಲಿಗೆ ಹೋಗುತ್ತದೆ? ನೆಟ್ಟಗೆ ಒಂದರ ಮೇಲೊಂದು ಕಂಬದ ಹಾಗೆ ಏರತೊಡಗಿತು. ಎಡಬಲದಲ್ಲಿ ಬಟಾಬಯಲು.

"ಇದೆಂತ ಚೋದ್ಯ," ಎಂದ ಪಾಂಡು. "ಈವರೆಗೆ ಹಿಂಗೆ ಆದದ್ದಿಲ್ಲ."

ಭಾವ ಖುರ್ಚಿಯ ತುದಿಗೆ ಬಂದಿದ್ದರು.

"ನಡುವಿಗೆ!" ಎಂದು ನಾಗಿ. "ಇನ್ನೊಂದೂ ನಡುವಿಗೆ! ಅರ್ಧ ಏರ್ತು! ಅಯ್ಯೋ, ತಲೆಗೆ ತಾಗ್ತಾ ಬಂತು!"

"ಒತ್ತೇ!" ಎಂದು ಭಾವ ಕಿರುಚಿದರು. "ಬಲಕ್ಕೆ ಒತ್ತು! ಗುಂಡಿ ಒತ್ತದೆ ಅದು ಹೆಂಗೆ ಬಲಕ್ಕೆ ಹೋಗ್ತದೆ? ಒತ್ತು ಅಂದೆ!"

ಎಲ್ಲರ ತಲೆ ಯಂತ್ರದಿಂದ ಭಾವನ ಕಡೆ ತಿರುಗಿತು. ಕೊನೆಯ ಇಟ್ಟಿಗೆ ಮೇಲಿನ ಅಂಚಿಗೆ ಸಿಕ್ಕಿಕೊಂಡಿತು. ಆಟ ಮುಗಿಯಿತು ಎಂದು ಯಂತ್ರ ತಾನೇ ಪರದೆ ತುಂಬ ಇಟ್ಟಿಗೆ ಮುಚ್ಚಿತು.

ಮಾಲತಿ ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ವಿನೋದಾ, ನಿನ್ನೆವರೆಗೆ ಯಂತ್ರ ನ್ಯಾಯ ಹೇಳ್ತದೆ ಅಂದೆ. ಈಗ ಒತ್ತಿದ್ರೆ ಮಾತ್ರ ಹೇಳ್ತದೆ ಅಂತೆ. ನಿಂಗೆ ಗೊತ್ತಿತ್ತಾ?"

ಭಾವನ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಾಗಿ ನಮ್ಮವರ ಕಡೆ ತಿರುಗಿದಳು. "ತಮಾ! ಹಂಗಾದ್ರೆ ನನ್ನ ಮೂಗುತಿ ಹುಡುಕಿದ್ದು ನಿನ್ನ ಹೆಬ್ಬೆರಳಾ?"

"ನೀನೇ ಹುಡುಕಿದ್ದು ನಾಗಕ್ಕ," ಎಂದರು ನಮ್ಮವರು ನೆಲ ನೋಡಿಕೊಂಡು. "ಅದಕ್ಕೆ ಎಂತದೂ ಗೊತ್ತಿಲ್ಲ. ಪಾಪ, ಹೇಳಿದ್ದು ಮಾಡ್ತದೆ ಅಷ್ಟೇ. ಬಡಾಯಿ ಎಲ್ಲ ನಂದು."

ಪಾಂಡು ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ನಾಗಿಯಂತೂ ಬೆಂಚು ಬಡಿದು ನಕ್ಕಳು. ಹಮ್ಮ ಮಾತ್ರ ನಗದೆ ಗಂಭೀರವಾಗಿ ಹೇಳಿದ. "ಎಸಳು ಎತ್ತಲೂ ಬೀಳದಿದ್ರೆ ಇದ್ದದ್ದು ಇದ್ದಲ್ಲೇ ಇರ್ಲಿ ಅಂತ ಲೆಕ್ಕ. ಕೈ ಬಿಟ್ಟು ಕೇಳಿದ್ದು ಇದೊಂದೇ ಸಲ."

ಭಾವನಿಗೆ ತಡೆಯಲಿಲ್ಲ. ನಗುವವರನ್ನೆಲ್ಲ ದಾಟಿ ಬಂದು ನಮ್ಮವರ ಎದುರು ನಿಂತರು. ಕಿಸೆಯಿಂದ ಕಾಗದ, ಪೆನ್ನು ತೆಗೆದರು.

"ಯಂತ್ರ ಮಂತ್ರ ಎಲ್ಲ ಸಾಯ್ಲಿ. ನಿನ್ನ ಅಣ್ಣ ನಾನು. ಇಲ್ಲಿ ಸಹಿ ಹಾಕು ದಿನಕರ."

ನಗು ನಿಂತಿತು. ಅಣ್ಣನ ಮಾತಿಗೆ ನಮ್ಮವರ ಉತ್ತರ ಹುಟ್ಟಿದಾಗಿನಿಂದ ಒಂದೇ. ಅವರು ಪೆನ್ನು ನೋಡಿದರು. ಅಣ್ಣನನ್ನು ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ, ನೋಡಿದ್ದರೆ ನಾನು ಕಣ್ಣಲ್ಲೇ ಸುಡುತ್ತಿದ್ದೆ. ಈಗ ಪ್ರೊಸೆಸರಿನ ಪುರಾಣ ಶುರು ಮಾಡುತ್ತಾರೆ ಎಂದುಕೊಂಡೆ.

"ಇಲ್ಲ ಅಣ್ಣ," ಎಂದರು. "ಹಾಕುದಿಲ್ಲ."

ದನಿ ಸಣ್ಣದಿತ್ತು. ಆದರೂ ಮಾತು ಎಲ್ಲರಿಗೂ ಕೇಳಿತು. ಆ ಮಾತಿಗೆ ಯಾರೂ ಗುಂಡಿ ಒತ್ತಿರಲಿಲ್ಲ. ದೇವರಾಣೆ, ನಾನೂ ಒತ್ತಿರಲಿಲ್ಲ.